ಬಾಗಿಲು ತೆರೆದಿಟ್ಟ ಗೋಷ್ಠಿ

ರಾಯಚೂರು, ಮಾನ್ವಿ, ದೇವದುರ್ಗಗಳ ಆರೇಳು ಮಂದಿ ಗೆಳೆಯರು ತಿಂಗಳಿಗೊಮ್ಮೆ ಕಲೆತು ದ್ರಾಕ್ಷಾರಸದ ರುಚಿ ನೋಡುತ್ತೇವೆಂದರೆ ಕೇಳಿದವರಲ್ಲಿ ಅರ್ಧ ಜನ ನಗುತ್ತಾರೆ. ಉಳಿದವರು ಮುಖ ತಿರುಗಿಸುತ್ತಾರೆ. ನಗುವವರಿಗೆ ಉತ್ತರ ಹೇಳುವುದು ಸುಲಭ. ಮುಖ ತಿರುಗಿಸುವವರಿಗೆ ಹೇಳುವುದು ಕಷ್ಟ. ಆದರೆ ಹೇಳಬೇಕಾದುದು ಅವರಿಗೇ. ಗೋಷ್ಠಿ ಸೇರುವುದು ರಾಯಚೂರಿನ ನನ್ನ ಮನೆಯಲ್ಲಿ. ಆದ್ದರಿಂದ ಆ ಹೊಣೆಯೂ ನನ್ನದೇ.

ಮೊದಲು ನಗುವವರ ಮಾತು. ಕುಡಿಯುವುದು ಬೇರೆ, ಸವಿಯುವುದು ಬೇರೆ. 750 ಮಿಲಿಲೀಟರಿನ ಒಂದು ಸೀಸೆಯನ್ನು 50 ಮಿಲಿಲೀಟರಿನಂತೆ ಹಂಚಿದರೆ ಹದಿನೈದು ಪಾಲಾಗುತ್ತದೆ. ಮೊದಲು ಬೆಳಕಿಗೆ ಹಿಡಿದು ಬಣ್ಣ ನೋಡಬೇಕು, ಆಮೇಲೆ ಕಂಪು, ಕೊನೆಗೆ ಒಂದು ಗುಟುಕು, ಅದೂ ನಾಲಗೆಯ ಮೇಲೆ ನಿಲ್ಲುವಷ್ಟು. ಉಗುಳಲು ಪಕ್ಕದಲ್ಲೇ ಒಂದು ಪಾತ್ರೆ. ಸೀಸೆಯ ಹೆಸರು ಕಾಣದಂತೆ ಬಟ್ಟೆ ಸುತ್ತಿರುತ್ತೇವೆ. 1976ರಲ್ಲಿ ಪ್ಯಾರಿಸ್ಸಿನಲ್ಲಿ ಹೀಗೆಯೇ ಹೆಸರು ಮುಚ್ಚಿ ಪರೀಕ್ಷಿಸಿದಾಗ ಫ್ರಾನ್ಸಿನ ತೀರ್ಪುಗಾರರೇ ಕ್ಯಾಲಿಫೋರ್ನಿಯದ ರಸಗಳಿಗೆ ಮೊದಲ ಸ್ಥಾನ ಕೊಟ್ಟುಬಿಟ್ಟರು. ಕೇಂಬ್ರಿಜ್ಜಿನಲ್ಲಿ ಐ. ಎ. ರಿಚರ್ಡ್ಸ್ ಕವಿಯ ಹೆಸರು ಅಳಿಸಿ ವಿದ್ಯಾರ್ಥಿಗಳ ಕೈಗೆ ಕವಿತೆ ಕೊಟ್ಟದ್ದೂ, ಅದರ ಫಲವನ್ನು 1929ರಲ್ಲಿ ಗ್ರಂಥವಾಗಿ ಪ್ರಕಟಿಸಿದ್ದೂ ಅಧ್ಯಾಪಕರಿಗೆ ತಿಳಿದ ಸಂಗತಿ. ಹೆಸರಿಗೆ ತಲೆಬಾಗದೆ ವಸ್ತುವನ್ನೇ ಎದುರಿಸುವ ಈ ಶಿಕ್ಷಣ ಎರಡು ಕಡೆಯೂ ಒಂದೇ.

ನಮ್ಮೂರು ಈ ಶಾಸ್ತ್ರಕ್ಕೆ ತನ್ನದೇ ತಿದ್ದುಪಡಿ ತಂದಿದೆ. ಕೆಂಪು ರಸವನ್ನು ಕೋಣೆಯ ಶಾಖದಲ್ಲಿ ಬಡಿಸಬೇಕೆಂದು ಯುರೋಪಿನವರು ಬರೆದರು. ಅವರ ಕೋಣೆ ಹದಿನಾರು-ಹದಿನೆಂಟು ಡಿಗ್ರಿಯದು. ನಮ್ಮ ಏಪ್ರಿಲ್ಲಿನ ಕೋಣೆಯಲ್ಲಿಟ್ಟರೆ ರಸ ಕಷಾಯವಾದೀತು! ಒಗ್ಗರಣೆ-ಮಿರ್ಚಿ ತಿಂದ ನಾಲಗೆಗೆ ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿಯೂ ಒಂದೇ, ಬಾವಿಯ ನೀರೂ ಒಂದೇ. ಆದುದರಿಂದ ಆ ಸಂಜೆ ಸಪ್ಪೆ ರೊಟ್ಟಿ, ಹುರಿದ ಶೇಂಗಾ. ಮಿರ್ಚಿಗೆ ಆಮೇಲೆ ಸರದಿ.

ಪರಂಪರೆಯ ಬೆಂಬಲ ಬೇಕೆಂದರೆ ಅದೂ ಉಂಟು. ಕಾವ್ಯಾನುಭವಕ್ಕೆ ನಮ್ಮ ಆಲಂಕಾರಿಕರು ಆರಿಸಿಕೊಂಡ ಮಾತೇ ರಸ. ಅದರ ಆಸ್ವಾದವನ್ನು ಅಭಿನವಗುಪ್ತ ಚರ್ವಣೆ ಎಂದು ಕರೆದನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮದಿರಾಪಾನವೂ ಒಂದು ಕ್ರೀಡೆಯೇ. ಆದರೆ ಅದು ದೊರೆಯ ಕ್ರೀಡೆ. ದೊರೆಗೆ ನಾಳೆಯ ಕೂಲಿಯ ಚಿಂತೆ ಇರಲಿಲ್ಲ. ಗ್ರಂಥದ ಮರೆಯಲ್ಲಿ ನಿಂತು ನಾವು ಮುಖ ತಿರುಗಿಸಿದವರಿಂದ ತಪ್ಪಿಸಿಕೊಳ್ಳಲಾಗದು.

ಅವರೇಕೆ ಮುಖ ತಿರುಗಿಸುತ್ತಾರೆ? 2007ನೆಯ ಇಸವಿಯನ್ನು ನೆನೆಯೋಣ. ಅದೇ ವರ್ಷ ನಮ್ಮ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಅದೇ ವರ್ಷ ದ್ರಾಕ್ಷಾರಸದ ಉದ್ಯಮವನ್ನು ಬೆಳೆಸಲು ಒಂದು ನೀತಿಯನ್ನೂ ಹೊರಡಿಸಿತು. ಬಡವನ ಬಟ್ಟಲು ಅಪರಾಧವಾಯಿತು, ಉಳ್ಳವನ ಬಟ್ಟಲು ಅಭಿರುಚಿಯಾಯಿತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂತು. ಗಡಿಯ ಹಳ್ಳಿಗಳಲ್ಲಿ ಸಿ.ಎಚ್. ಪೌಡರ್ ಕಲಸಿದ ಸೇಂದಿ ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ನಡೆದರು. ಅವರಲ್ಲಿ ನಮ್ಮ ಜಿಲ್ಲೆಯ ಕೂಲಿ ಹೆಣ್ಣುಮಕ್ಕಳೂ ಇದ್ದರು. ಗಂಡನ ಕುಡಿತಕ್ಕೆ ದಿನಗೂಲಿ ಕಳೆದುಕೊಂಡವಳಿಗೆ ಕಂಪು, ಬಣ್ಣ, ಒಗರುಗಳ ವಿವೇಚನೆ ಏನು ಸಮಾಧಾನ ಕೊಟ್ಟೀತು?

ಏನೂ ಕೊಡದು. ಅದನ್ನು ಒಪ್ಪಿಕೊಂಡೇ ನನ್ನ ಅಭಿಪ್ರಾಯ ಹೇಳುತ್ತೇನೆ. ಗೆಳೆಯರಲ್ಲಿ ಕೆಲವರದು ಒಂದು ವಾದ: ‘ನಾವು ಮಿತಿಯಲ್ಲಿದ್ದೇವೆ, ಎಲ್ಲರೂ ಹೀಗೆಯೇ ಕಲಿತರೆ ನಿಷೇಧವೇಕೆ?’ ಈ ವಾದ ನನಗೆ ಸಲ್ಲದು. ಹೊಟ್ಟೆ ತುಂಬ ಉಂಡು, ಫ್ಯಾನಿನ ಕೆಳಗೆ ಕುಳಿತು, ನಾಳೆ ಸಂಬಳ ಬರುವುದೆಂಬ ಭರವಸೆಯಲ್ಲಿ ಪಾಲಿಸುವ ಮಿತಿ ನಮ್ಮ ಗುಣವೆಷ್ಟೋ ನಮ್ಮ ಅನುಕೂಲವೂ ಅಷ್ಟೇ. ಅದನ್ನು ಆ ಹೆಣ್ಣುಮಕ್ಕಳ ವಿರುದ್ಧ ಸಾಕ್ಷಿಯಾಗಿ ಎತ್ತಿ ಹಿಡಿಯಕೂಡದು. ನಾಳೆ ಅವರ ಬೇಡಿಕೆ ಈಡೇರಿ ನಿಷೇಧ ಬಂದರೆ, ಗೊಣಗದೆ ಗೋಷ್ಠಿಯನ್ನು ಮುಚ್ಚುವುದೇ ಮರ್ಯಾದೆ. ಆರು ಮಂದಿಯ ಸಂಜೆಯನ್ನು ಸಾವಿರ ಮನೆಯ ಒಲೆಗಳೊಂದಿಗೆ ತೂಗಬಾರದು.

ಅಲ್ಲಿಯವರೆಗೆ ನಾನು ಇಟ್ಟುಕೊಂಡ ನಿಯಮಗಳು ಮೂರು. ಸಂಜೆಗೆ ಎರಡೇ ಸೀಸೆ. ಕುಡಿಯದವರಿಗೂ ಅದೇ ಗಾಜಿನ ಲೋಟ, ಅದೇ ಗೌರವ; ಅದರಲ್ಲಿ ದ್ರಾಕ್ಷಿಯ ತಾಜಾ ರಸ. ಮಾನ್ವಿ, ದೇವದುರ್ಗಗಳ ಗೆಳೆಯರು ಆ ರಾತ್ರಿ ಗಾಡಿ ಹತ್ತಕೂಡದು. ಹಾಸಿಗೆ ನನ್ನ ಮನೆಯಲ್ಲೇ. ಇವೆಲ್ಲಕ್ಕೂ ಮೇಲೆ ಒಂದು ಪರೀಕ್ಷೆ: ತಲೆಬಾಗಿಲು ತೆರೆದೇ ಇರಬೇಕು. ಮನೆಯ ಹೆಂಗಸರು ಜೊತೆಗೆ ಕೂರಬಹುದಾದ, ಪಾತ್ರೆ ತೊಳೆಯಲು ಬಂದವಳು ‘ಇದೇನ್ರೀ?’ ಎಂದು ಕೇಳಿದರೆ ತಡವರಿಸದೆ ಲೆಕ್ಕ ಒಪ್ಪಿಸಬಹುದಾದ ಗೋಷ್ಠಿಯಷ್ಟೇ ನಡೆಯಲಿ. ತೆರೆದ ಬಾಗಿಲು ನಮ್ಮ ನಿರ್ಲಜ್ಜೆಗೆ ಗುರುತಾಗಬಾರದು, ನಮ್ಮ ಲೆಕ್ಕಕ್ಕೆ ಸಾಕ್ಷಿಯಾಗಬೇಕು.

ರಸಿಕತೆ ಎಂಬುದು ಬಟ್ಟಲನ್ನು ಎತ್ತುವ ಬೆಡಗಿನಲ್ಲಿಲ್ಲ. ಹೊತ್ತರಿತು ಅದನ್ನು ಕೆಳಗಿಡುವುದರಲ್ಲಿದೆ.