ಆಟಗಾರನಿಗೆ ಒಬ್ಬನೇ ಧಣಿ ಏಕೆ?

ಕುರುಗೋಡಿನ ಮೆಣಸಿನಕಾಯಿ ಲಾರಿ ಏರಿ ಬ್ಯಾಡಗಿಗೆ ಹೋಗುತ್ತದೆ. ದರ ಸಿಗುವ ಕಡೆ ಮಾಲು ಒಯ್ದ ರೈತನನ್ನು ಊರಿಗೆ ದ್ರೋಹ ಬಗೆದವನೆಂದು ಯಾರೂ ಜರೆಯುವುದಿಲ್ಲ. ಬಳ್ಳಾರಿಯ ವರ್ತಕನೂ ಹೆಚ್ಚು ಕೊಡುವ ಗಿರಾಕಿಗೇ ಮಾರುತ್ತಾನೆ. ಆದರೆ ಸಿರುಗುಪ್ಪದ ಅಕ್ಕಿ ಗಿರಣಿಯ ಹಮಾಲನು ಚೀಲಕ್ಕೆ ಒಂದು ರೂಪಾಯಿ ಹೆಚ್ಚು ಕೊಡುವ ಗಿರಣಿಗೆ ಹೊರಟನೆನ್ನಿ, ಆಗ ಮಾತ್ರ ಧಣಿಗಳಿಗೆ ನಿಷ್ಠೆಯೆಂಬ ಮಾತು ನೆನಪಾಗುತ್ತದೆ!

ಇದೇ ನಿಷ್ಠೆಯ ಉಪದೇಶ ಆಟದ ಮೈದಾನದಲ್ಲಿಯೂ ನಡೆದಿದೆ. ಮೊದಲು ಹೊರದೇಶದ ಸಂಗತಿ ನೋಡೋಣ. 2008ರಲ್ಲಿ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನ ಅಟ್ಲಾಂಟಾ ತಂಡದಲ್ಲಿದ್ದ ಜಾಷ್ ಚಿಲ್ಡ್ರೆಸ್‌ರನ್ನು ಗ್ರೀಸ್ ದೇಶದ ಒಲಿಂಪಿಯಾಕೋಸ್ ಕ್ಲಬ್ಬು ಮೂರು ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತು. ಅವರ ಕರಾರು ಮುಗಿದಿತ್ತು. ಆದರೂ ಬೇರೊಂದು ಅಮೆರಿಕನ್ ತಂಡ ಬೆಲೆ ಕಟ್ಟಿದರೆ, ಅಷ್ಟನ್ನೇ ಕೊಟ್ಟು ಹಳೆಯ ಧಣಿಯೇ ಉಳಿಸಿಕೊಳ್ಳಬಹುದೆಂಬುದು ಅಲ್ಲಿಯ ನಿಯಮ. ಆ ನಿಯಮ ಸಮುದ್ರ ದಾಟಲಿಲ್ಲ. 2010ರಲ್ಲಿ ಅವರು ಮರಳಿದಾಗ ಅಟ್ಲಾಂಟಾದೊಡನೆ ಲೆಕ್ಕ ಚುಕ್ತಾ ಮಾಡಿ ಫೀನಿಕ್ಸ್ ತಂಡ ಅವರನ್ನು ಪಡೆಯಿತು. ಬಹಿಷ್ಕಾರದ ಮಾತು ಬರಲಿಲ್ಲ. ಅಲ್ಲಿಯ ಆಟಗಾರರಿಗೆ 1954ರಿಂದ ಸಂಘವಿದೆ ಎಂಬುದನ್ನು ಮರೆಯಬಾರದು.

ನಮ್ಮಲ್ಲಿ ಏನಾಯಿತು? 2007ರಲ್ಲಿ ಸುಭಾಷ್ ಚಂದ್ರರ ಎಸ್ಸೆಲ್ ಗುಂಪು ಇಂಡಿಯನ್ ಕ್ರಿಕೆಟ್ ಲೀಗ್ ಹೂಡಿತು. ಆ ಗುಂಪೇನೂ ಬಡವರ ಬಂಧುವಲ್ಲ. ಕೊನೆಗೆ ಆಟಗಾರರು ಸಂಬಳದ ಬಾಕಿಗಾಗಿ ಅಲೆಯಬೇಕಾಯಿತು. ಆದರೆ ಕ್ರಿಕೆಟ್ ಮಂಡಳಿ ಮಾಡಿದ್ದೇನು? ಅಲ್ಲಿ ಆಡಿದವನಿಗೆ ಭಾರತ ತಂಡವಿಲ್ಲ, ರಣಜಿಯೂ ಇಲ್ಲ ಎಂದು ಬಾಗಿಲು ಹಾಕಿತು. 1983ರ ವಿಶ್ವಕಪ್ ತಂದ ಕಪಿಲ್ ದೇವ್‌ರನ್ನೇ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಅಧ್ಯಕ್ಷ ಸ್ಥಾನದಿಂದ ಇಳಿಸಿತು. ನಮ್ಮ ಕರ್ನಾಟಕದ ಸ್ಟುವರ್ಟ್ ಬಿನ್ನಿಯೂ ಹೋಗಿದ್ದರು. 2009ರಲ್ಲಿ ಮಂಡಳಿ "ಕ್ಷಮಾದಾನ" ಕೊಟ್ಟ ಮೇಲೆಯೇ ಅವರು ಮರಳಿದ್ದು. ದುಡಿಯಲು ಹೋದವನಿಗೆ ಕ್ಷಮಾದಾನವಂತೆ! ಅದೇ ಬಿನ್ನಿ 2014ರಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ 4 ರನ್ನಿಗೆ 6 ವಿಕೆಟ್ ಕಿತ್ತರು.

ಕೋಟಿ ಎಣಿಸುವವರ ಗೋಳು ನಮಗೇಕೆಂದು ಓದುಗ ಬಂಧುಗಳು ಕೇಳಬಹುದು. ಬಹಿಷ್ಕಾರ ಬಿದ್ದದ್ದು ಕೋಟ್ಯಧೀಶರ ಮೇಲೆ ಮಾತ್ರವಲ್ಲ, ರಣಜಿಯ ದಿನಗೂಲಿಯನ್ನೇ ನಂಬಿದ್ದ ಹುಡುಗರ ಮೇಲೂ. ಕೆಲಸ ಬಿಟ್ಟವನು ಬೇರೆ ಕಡೆ ಅದೇ ಕಸಬು ಮಾಡಕೂಡದೆಂಬ ಕರಾರು ಊರ್ಜಿತವಲ್ಲವೆಂದು 1872ರ ಕರಾರು ಕಾಯಿದೆಯ 27ನೆಯ ಕಲಮು ಅಂದಿನಿಂದ ಹೇಳುತ್ತಲೇ ಇದೆ. ಬೇರಾವ ಖಾಸಗಿ ಲೀಗಿಗೂ ಮನ್ನಣೆ ಕೊಡುವುದಿಲ್ಲವೆಂದು ಮಂಡಳಿ ಐಪಿಎಲ್ ಪ್ರಸಾರದ ಹಕ್ಕು ಕೊಂಡವರಿಗೆ ಬರೆದುಕೊಟ್ಟಿದ್ದಕ್ಕೆ ಸ್ಪರ್ಧಾ ಆಯೋಗ 2013ರಲ್ಲಿ 52.24 ಕೋಟಿ ರೂಪಾಯಿ ದಂಡ ಹಾಕಿತು. 2015ರಲ್ಲಿ ಮೇಲ್ಮನವಿಯಲ್ಲಿ ಅದು ರದ್ದಾಯಿತು, 2017ರಲ್ಲಿ ಆಯೋಗ ಅಷ್ಟೇ ದಂಡವನ್ನು ಮತ್ತೆ ವಿಧಿಸಿತು.

ದಂಡದ ಮಾತಾಯಿತು, ಸಂಘದ ಮಾತು? 2019ರಲ್ಲಿ ಭಾರತೀಯ ಕ್ರಿಕೆಟಿಗರ ಸಂಘ ಹುಟ್ಟಿತು. ಅದರ ಸದಸ್ಯತ್ವ ನಿವೃತ್ತರಿಗೆ. ಬ್ಯಾಟು ಹಿಡಿದು ಇಂದು ಬೆವರು ಸುರಿಸುವವನು ಅದರ ಬಾಗಿಲಿನ ಹೊರಗೇ ನಿಂತಿದ್ದಾನೆ.