ಒಂದು ಕೈ ಸೋತಾಗ

ಬೈಕಿನಿಂದ ಬಿದ್ದು ಭುಜ ನೆಲಕ್ಕೆ ಬಡಿದರೆ, ಮೂಳೆ ಮುರಿಯದೆಯೂ ಕೈ ಸೋಲಬಹುದು. ಕುತ್ತಿಗೆಯಿಂದ ತೋಳಿಗೆ ಇಳಿಯುವ ಐದು ನರಬೇರುಗಳು ಸೆಳೆದು ಹರಿಯುವುದೇ ಇದಕ್ಕೆ ಕಾರಣ. ಎಣ್ಣೆ ತಿಕ್ಕಿ ಕಾಯುತ್ತಾ ಕೂರಬೇಡಿ. ತಾನಾಗಿ ಗುಣವಾಗುವ ಗಾಯವೂ ಇದೆ. ಆದರೆ ಅದನ್ನು ಹೇಳಬೇಕಾದವರು ನರತಜ್ಞರು. ಶಸ್ತ್ರಚಿಕಿತ್ಸೆ ಬೇಕಾದಲ್ಲಿ ಸಾಮಾನ್ಯವಾಗಿ 6 ತಿಂಗಳೊಳಗೆ ಆಗುವುದು ಒಳ್ಳೆಯದು. ತಡವಾದಷ್ಟೂ ಸ್ನಾಯು ಸೊರಗುತ್ತದೆ. ನರ ಮತ್ತೆ ಚಿಗುರುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ.

ಅಲ್ಲಿಯ ತನಕ ಬದುಕು ನಿಲ್ಲಬೇಕೇ? ಹಲಗೆಗೆ ಮೊಳೆ ಹೊಡೆದು ತರಕಾರಿ ಚುಚ್ಚಿಟ್ಟರೆ ಒಂದೇ ಕೈಯಲ್ಲಿ ಹೆಚ್ಚಬಹುದು. ಪಾತ್ರೆಯಡಿ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಸ್ಪರ್ಶ ತಿಳಿಯದ ಕೈ ಒಲೆಗೆ ತಾಗದಂತೆ ಎಚ್ಚರವಿರಲಿ.

ಸರಕಾರಿ ನೌಕರಿಯಲ್ಲಿರುವ ಸಹೋದರಿಯರು ಹೆದರಿ ರಾಜೀನಾಮೆ ಕೊಡಬೇಡಿ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಕೆಲಸದಿಂದ ತೆಗೆಯುವಂತಿಲ್ಲ; ಆ ಹುದ್ದೆ ಒಗ್ಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ.

ಮನೆಯವರಿಗೊಂದು ಮಾತು: 'ನಿನ್ನಿಂದಾಗದು, ಬಿಡು' ಎಂದು ಅವಳ ಕೆಲಸ ಕಿತ್ತುಕೊಳ್ಳಬೇಡಿ. ಅವಳು ನಿಧಾನವಾಗಿ ಚಪಾತಿ ಲಟ್ಟಿಸುವಾಗ ಹಸಿವು ತಡೆದು ಹತ್ತು ನಿಮಿಷ ಕಾಯಿರಿ. ಅನುಕಂಪಕ್ಕಿಂತ ಆ ಹತ್ತು ನಿಮಿಷವೇ ಅವಳಿಗೆ ದೊಡ್ಡ ನೆರವು.