ಬಳ್ಳಾರಿಗೆ ಸಲಗ ಯಾವಾಗ ಬಂತು?

ಊರಿನ ಕಬಡ್ಡಿ ಟೂರ್ನಿಯ ಫ್ಲೆಕ್ಸ್ ನೋಡಿ. ಟೈಗರ್ಸ್, ಲಯನ್ಸ್, ಪ್ಯಾಂಥರ್ಸ್. ಕಾಲೇಜಿನಲ್ಲಿ ನಾವೂ ಎದೆ ಮೇಲೆ ಹುಲಿ ಮುಖದ ಟೀಶರ್ಟ್ ಹಾಕ್ಕೊಂಡು ಮೊದಲ ಮ್ಯಾಚಲ್ಲೇ ಸೋತು ಬಂದವರು. ಹಾಗಾಗಿ ಹುಡುಗರನ್ನು ಬೈಯೋಕೆ ನಮಗೆ ಬಾಯಿಲ್ಲ. ಆದರೆ ಜಿಲ್ಲೆಯ ಹೆಸರು ಹಾಕ್ಕೊಂಡು, ದುಡ್ಡು ಸುರಿದು ಆಡುವ ತಂಡಗಳನ್ನು ಕೇಳಲೇಬೇಕು.

ಕೆಪಿಎಲ್ ಕ್ರಿಕೆಟ್‌ನಲ್ಲಿ ಬಳ್ಳಾರಿ ಟಸ್ಕರ್ಸ್ ಅಂತ ತಂಡ ಇತ್ತು. ಟಸ್ಕರ್ ಅಂದರೆ ದಂತದ ಆನೆ, ನಮ್ಮ ಸಲಗ. ಬಳ್ಳಾರಿ ಬಿಸಿಲಲ್ಲಿ ಯಾವ ಸಲಗ ಸ್ವಾಮಿ? ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಲಕ್ಷ್ಮಿ ಇದ್ದಾಳೆ, ನಿಜ. ಹೆಣ್ಣಾನೆಗೆ ದಂತ ಎಲ್ಲಿಂದ ಬರಬೇಕು! ಅದೇ ಹಂಪಿ ಪಕ್ಕದಲ್ಲಿ ದರೋಜಿ ಕರಡಿಧಾಮ ಇದೆ, 1994ರಿಂದ. ಅರಣ್ಯ ಇಲಾಖೆಯವರು ಬಂಡೆಗೆ ಜೇನು-ಬೆಲ್ಲ ಬಳಿದು ಹೋದರೆ, ಮರಿಗಳನ್ನು ಬೆನ್ನ ಮೇಲೆ ಹೊತ್ತು ತಾಯಿ ಕರಡಿ ಇಳಿದು ಬರುತ್ತದೆ. ಆ ತಂಡ ಆಡುತ್ತಿದ್ದಾಗ ದರೋಜಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಯಾರಿಗೂ ಹೊಳೆಯಲಿಲ್ಲ.

ಕರಡಿ ಅಂದರೆ ಜನ ನಗ್ತಾರೆ ಅಂತೀರಾ? ಅಮೆರಿಕದ ಷಿಕಾಗೊ ಬೇರ್ಸ್ 1922ರಿಂದ ಕರಡಿ ಹೆಸರಲ್ಲೇ ಆಡುತ್ತಿದೆ. ನಮ್ಮ ಉತ್ತರ ಕರ್ನಾಟಕದ ಜಾತ್ರೆಯಲ್ಲಿ ಕರಡಿ ಮಜಲು ಬಾರಿಸಿದರೆ ಯಾರು ನಗ್ತಾರೆ?

ಬೆಳಗಾವಿ ಪ್ಯಾಂಥರ್ಸ್ ಬಗ್ಗೆ ತಕರಾರಿಲ್ಲ. 2022ರಲ್ಲಿ ಚಿರತೆ ಅಲ್ಲಿನ ಗಾಲ್ಫ್ ಮೈದಾನಕ್ಕೇ ಬಂದು ಶಾಲೆಗಳಿಗೆ ರಜೆ ಕೊಡಿಸಿತ್ತು. ಮಂಗಳೂರು ಡ್ರ್ಯಾಗನ್ಸ್ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಹಂದಿಯನ್ನು ಪಂಜುರ್ಲಿ ಅಂತ ಕೈಮುಗಿಯುವ, ನವರಾತ್ರಿಗೆ ಹುಲಿವೇಷ ಕುಣಿಯುವ ನೆಲಕ್ಕೆ ಇಲ್ಲದ ಪ್ರಾಣಿ ಯಾಕೆ?

ನಮಗೆ ನಿಜವಾಗಿ ಸಿಟ್ಟು ಬರುವುದು ಶಿವಮೊಗ್ಗ ಲಯನ್ಸ್ ಮೇಲೆ. ಅಲ್ಲಿ ಸಿಂಹ ಇರುವುದು ತ್ಯಾವರೆಕೊಪ್ಪದ ಬೇಲಿಯೊಳಗೆ. ಕಾಡಲ್ಲಿ ಇರುವುದು ಸಿಂಗಳೀಕ. ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಕೋತಿ. ಸಿಂಹವೇ ಬೇಕು ಅಂದರೂ ಅದರ ಬಾಲ ಸಿಂಹದ್ದೇ! ಮರದಿಂದ ಮರಕ್ಕೆ ಹಾರಿ ಬದುಕುವ ಜೀವ, ನೆಲಕ್ಕೆ ಇಳಿಯುವುದೇ ಅಪರೂಪ. ಅದಕ್ಕಾಗಿಯೇ 2019ರಲ್ಲಿ ಶರಾವತಿ ಕಣಿವೆಯನ್ನು ಸಿಂಗಳೀಕ ಅಭಯಾರಣ್ಯ ಅಂತ ಘೋಷಿಸಿದರು. ಈಗ ಅದೇ ಕಾಡಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಗೆ ಸರ್ಕಾರ ಹೊರಟಿದೆ.

ತಂಡಕ್ಕೆ ಹೆಸರಿಟ್ಟರೆ ಕಾಡು ಉಳಿಯುತ್ತಾ ಅಂತ ಕೇಳ್ತೀರಿ. ಇಲ್ಲ. ಆದರೆ ಗ್ಯಾಲರಿಯಲ್ಲಿ ನಿಂತು ಸಿಂಗಳೀಕ, ಸಿಂಗಳೀಕ ಅಂತ ಕೂಗಿದ ಹುಡುಗನಿಗೆ, ಅದರ ಮರ ಕಡಿಯುವ ಸುದ್ದಿ ಒಳಪುಟದ ನಾಲ್ಕು ಸಾಲಲ್ಲಿ ಬಂದರೂ ಕಣ್ಣಿಗೆ ಬೀಳುತ್ತದೆ. ಆ ನಾಲ್ಕು ಸಾಲು ಕಳಿಸುವವರು ನಾವೇ. ಈಗ ಅದನ್ನು ಎಷ್ಟು ಜನ ಓದ್ತಾರೆ ಅಂತ ನಮಗೆ ಗೊತ್ತು.

ಗಣೇಶ ಹಬ್ಬದ ಟೂರ್ನಿಗೆ ಹೆಸರು ಕೊಡುವ ತಮ್ಮಂದಿರೇ, ಫ್ಲೆಕ್ಸ್ ಇನ್ನೂ ಪ್ರಿಂಟಿಗೆ ಹೋಗಿಲ್ಲ ತಾನೆ?